ಕೇಳಲು ಒಬ್ಬರು ಬೇಕು

2022ರ ಜುಲೈ 20ರ ಸಂಜೆ ಹೊನ್ನಾವರದಿಂದ ರೋಗಿಯನ್ನು ಹೊತ್ತು ಕುಂದಾಪುರದ ಕಡೆ ಓಡುತ್ತಿದ್ದ ಅಂಬುಲೆನ್ಸ್, ಬೈಂದೂರು ಸಮೀಪದ ಶಿರೂರು ಟೋಲ್‌ಗೇಟಿನಲ್ಲಿ ಒದ್ದೆ ರಸ್ತೆಯ ಮೇಲೆ ಜಾರಿ ಉರುಳಿತು. ನಾಲ್ವರು ತೀರಿಕೊಂಡರು. ಟೋಲ್‌ಗೇಟಿನ ಕ್ಯಾಮೆರಾದಲ್ಲಿ ಸೆರೆಯಾದ ಆ ಕೆಲವು ಕ್ಷಣಗಳ ದೃಶ್ಯ ದೇಶವನ್ನೆಲ್ಲ ಸುತ್ತಿತು. ನೋಡಿದವರಲ್ಲಿ ಬಹುಪಾಲು ಜನರಿಗೆ ಅದು ಒಂದು ಭೀಕರ ವಿಡಿಯೊ, ಅಷ್ಟೇ. ಉತ್ತರ ಕನ್ನಡದವರಿಗೆ ಮಾತ್ರ ಅದರ ಹಿಂದಿನ ಪ್ರಶ್ನೆಯೂ ಕಂಡಿತು. ಆ ರೋಗಿ ಜಿಲ್ಲೆಯ ಗಡಿ ದಾಟಿ ಹೋಗಬೇಕಾಗಿ ಬಂದದ್ದಾದರೂ ಯಾಕೆ?

ಇದು ನಮ್ಮ ಕಡೆ ಹಳೆಯ ಪ್ರಶ್ನೆ. ಹೊನ್ನಾವರ, ಕುಮಟಾದಲ್ಲಿ ಯಾರಿಗಾದರೂ ತಲೆಗೆ ಪೆಟ್ಟಾದರೆ, ಎದೆನೋವು ಬಂದರೆ ಮಣಿಪಾಲವೋ ಮಂಗಳೂರೋ ಹುಬ್ಬಳ್ಳಿಯೋ ಗತಿ. ನೂರು ಕಿಲೋಮೀಟರ್ ಮೀರಿದ ಆ ದಾರಿಯಲ್ಲೇ ಜೀವ ಬಿಟ್ಟವರು ಪ್ರತಿ ಊರಿನಲ್ಲೂ ಇದ್ದಾರೆ. 2019ರ ಜೂನ್‌ನಲ್ಲಿ ಜಿಲ್ಲೆಯ ಯುವಕರು ಟ್ವಿಟರಿನಲ್ಲಿ ‘ಉತ್ತರ ಕನ್ನಡಕ್ಕೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು’ ಎಂದು ಹ್ಯಾಷ್‌ಟ್ಯಾಗ್ ಅಭಿಯಾನ ನಡೆಸಿದ್ದರು. ಶಿರೂರು ದುರಂತದ ನಂತರ ಆ ಕೂಗು ಮತ್ತೆ ಎದ್ದಿತು, ‘ನೋ ಹಾಸ್ಪಿಟಲ್, ನೋ ವೋಟ್’ ಎಂಬ ಮಾತೂ ಹುಟ್ಟಿತು. ಮನವಿ ಪತ್ರಗಳಿಗೆ ಅಲುಗದಿದ್ದ ವಿಧಾನಸೌಧ ಆ ಕೂಗಿಗೆ ತಿರುಗಿ ನೋಡಿತು.

ಆ ಪೋಸ್ಟುಗಳನ್ನು ಬರೆದವರಲ್ಲಿ ಊರಿನಲ್ಲೇ ಇದ್ದವರ ಜೊತೆಗೆ ಬೆಂಗಳೂರು, ಪುಣೆ, ದುಬೈ, ಅಮೆರಿಕದಲ್ಲಿ ಕೂತವರೂ ಬಹಳ. ಊರು ಬಿಟ್ಟು ಇಪ್ಪತ್ತು ವರ್ಷವಾದವರೂ ‘ನನ್ನ ಅಪ್ಪನನ್ನೂ ಇದೇ ದಾರಿಯಲ್ಲಿ ಒಯ್ದಿದ್ದೆವು’ ಎಂದು ಬರೆದರು. ಒಬ್ಬರ ಮುಖ ಒಬ್ಬರು ನೋಡದ ಸಾವಿರಾರು ಜನ ಒಂದೇ ನೋವಿನ ಸುತ್ತ ಸೇರಿದರು. ಜಾಲತಾಣದ ಸ್ನೇಹವೆಲ್ಲ ಪೊಳ್ಳು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರನ್ನು ನಾನು ಒಪ್ಪದಿರುವುದು ಇದಕ್ಕೇ. ಅಲ್ಲಿ ಮಾತು ಪೊಳ್ಳಾಗಿರಲಿಲ್ಲ. ಬರೆದ ಪ್ರತಿಯೊಬ್ಬರ ಹಿಂದೆ ಒಂದು ಮನೆ, ಒಂದು ಕಾಯಿಲೆ, ಒಂದು ರಸ್ತೆ ಇತ್ತು. ಫೋನು ಮಾಡಿದ್ದು ಇಷ್ಟೇ, ಮೊದಲೇ ಇದ್ದ ಸಂಬಂಧಕ್ಕೆ ದನಿ ಕೊಟ್ಟಿತು.

ಅದೇ ಫೋನು, ಅದೇ ಊರುಗಳಲ್ಲಿ, ನಾಲ್ಕೂವರೆ ವರ್ಷ ಮೊದಲು ಮಾಡಿದ್ದನ್ನೂ ನೆನೆಯದೆ ಈ ವಿಷಯ ಬರೆಯುವುದು ಪ್ರಾಮಾಣಿಕವಲ್ಲ.

2017ರ ಡಿಸೆಂಬರ್ 6ರಂದು ಹೊನ್ನಾವರದಲ್ಲಿ ಎರಡು ಗುಂಪುಗಳ ನಡುವೆ ಗಲಾಟೆಯಾಯಿತು. ಆ ರಾತ್ರಿಯಿಂದ ಮೀನುಗಾರ ಕುಟುಂಬದ ಒಬ್ಬ ಎಳೆಯ ಹುಡುಗ ಮನೆಗೆ ಬರಲಿಲ್ಲ. 8ರಂದು ಊರಿನ ಶೆಟ್ಟಿಕೆರೆಯಲ್ಲಿ ಅವನ ಶವ ಸಿಕ್ಕಿತು. ಅವನಿಗೆ ಹೀಗೆ ಹಿಂಸೆ ಕೊಟ್ಟರು, ಹಾಗೆ ಕೊಂದರು ಎಂಬ ಸಂದೇಶಗಳು, ಕೆರೆಯಿಂದ ಎತ್ತಿದ ಶವದ ಚಿತ್ರಗಳ ಸಮೇತ, ಸಂಜೆಯೊಳಗೆ ಫೋನಿಂದ ಫೋನಿಗೆ ಹಾರತೊಡಗಿದವು. ಓದಲೂ ಆಗದಂಥ ವಿವರಗಳು. ಯಾರು ಮೊದಲು ಬರೆದರು, ಎಲ್ಲಿಂದ ಬರೆದರು ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಮಣಿಪಾಲದ ವಿಧಿವಿಜ್ಞಾನ ತಜ್ಞರು ಅಂಥ ಚಿತ್ರಹಿಂಸೆಯ ಗುರುತುಗಳಿಲ್ಲ ಎಂದು ಕೊಟ್ಟ ಅಭಿಪ್ರಾಯವನ್ನು ಪೊಲೀಸರು ಬಹಿರಂಗಪಡಿಸಿದರು. ಅಷ್ಟರಲ್ಲಿ ಮಾತು ಕೈಮೀರಿತ್ತು. 11ರಂದು ಕುಮಟಾದಲ್ಲಿ ಕಲ್ಲು ತೂರಾಟ ನಡೆಯಿತು, ಪಶ್ಚಿಮ ವಲಯದ ಐಜಿಪಿಯವರ ಕಾರಿಗೇ ಬೆಂಕಿ ಬಿತ್ತು. ಮರುದಿನ ಶಿರಸಿ ಉರಿಯಿತು. ಅಂಗಡಿಗಳು ಮುಚ್ಚಿದವು, ನೂರಾರು ಹುಡುಗರ ಮೇಲೆ ಕೇಸು ಬಿದ್ದವು. ತನಿಖೆ ಸಿಬಿಐಗೆ ಹೋಯಿತು. 2022ರ ಅಕ್ಟೋಬರ್‌ನಲ್ಲಿ ಸಿಬಿಐ ಹೊನ್ನಾವರದ ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ಅದು ಕೊಲೆಯಲ್ಲ, ನೀರಿನಲ್ಲಿ ಮುಳುಗಿ ಆದ ಆಕಸ್ಮಿಕ ಸಾವು ಎಂದಿತು.

ಮಗನನ್ನು ಕಳೆದುಕೊಂಡ ಮನೆಯ ದುಃಖವನ್ನು ಯಾವ ವರದಿಯೂ ಮುಗಿಸುವುದಿಲ್ಲ. ಆ ಮನೆಯವರ ಬಗ್ಗೆ ಇಲ್ಲಿ ಒಂದು ಮಾತೂ ಇಲ್ಲ. ನಾನು ಯೋಚಿಸುವುದು ಆ ಐದಾರು ದಿನಗಳಲ್ಲಿ ಫಾರ್ವರ್ಡ್ ಗುಂಡಿ ಒತ್ತಿದವರ ಬಗ್ಗೆ. ಅವರು ಕೆಟ್ಟವರಾಗಿರಲಿಲ್ಲ. ಶಿಕ್ಷಕರಿದ್ದರು, ಅಂಗಡಿಯವರಿದ್ದರು, ಕಾಲೇಜಿನ ಮಕ್ಕಳಿದ್ದರು, ಮನೆಯಲ್ಲಿ ಕೂತ ತಾಯಂದಿರಿದ್ದರು. ಅಗ್ಗದ ಇಂಟರ್‌ನೆಟ್ ಕೈಗೆ ಬಂದು ಆಗ ಹೆಚ್ಚು ಕಾಲವಾಗಿರಲಿಲ್ಲ. ಜಿಯೊ ಶುರುವಾದದ್ದು 2016ರ ಸೆಪ್ಟೆಂಬರ್‌ನಲ್ಲಿ, ಅಂದರೆ ಹದಿನೈದು ತಿಂಗಳ ಹಿಂದೆ. ಪ್ರತಿ ಮನೆಯಲ್ಲೂ ಶಾಲೆಯ ಗ್ರೂಪು, ಕುಲದ ಗ್ರೂಪು, ದೇವಸ್ಥಾನದ ಗ್ರೂಪು, ಸಂಘದ ಗ್ರೂಪು ಹುಟ್ಟಿದ್ದವು. ಒಂದೊಂದರಲ್ಲೂ 256 ಜನರ ತನಕ ಸೇರಬಹುದಿತ್ತು. ಆದರೆ ಆ ಗ್ರೂಪುಗಳನ್ನೆಲ್ಲ ಹುಡುಕಿದರೂ ಇನ್ನೊಂದು ಕೇರಿಯ, ಇನ್ನೊಂದು ಧರ್ಮದ ಒಬ್ಬ ಮನುಷ್ಯ ಸಿಗುವುದು ಅಪರೂಪವಾಗಿತ್ತು. ಸಂದೇಶ ಬಂದಾಗ ‘ಹೌದಾ ಮಾರಾಯಾ, ನಿಮ್ಮ ಕಡೆ ಎಂತ ಆಗಿದ್ದು?’ ಎಂದು ಕೇಳಲು ಯಾರೂ ಇರಲಿಲ್ಲ. ಹೊನ್ನಾವರದ ಪೇಟೆಯಲ್ಲಿ ದಿನಾ ಮುಖ ನೋಡುತ್ತಿದ್ದವರ ಬಗ್ಗೆ, ಎಲ್ಲೋ ಕೂತ ಅಪರಿಚಿತ ಬರೆದದ್ದನ್ನು ಜನ ನಂಬಿದರು.

ಇದಕ್ಕೆಲ್ಲ ವಾಟ್ಸ್‌ಆ್ಯಪ್ ಒಂದೇ ಕಾರಣ ಎಂದರೆ ಅದೂ ಪೂರ್ತಿ ನಿಜವಲ್ಲ. 1993ರಲ್ಲಿ ಭಟ್ಕಳದಲ್ಲಿ ತಿಂಗಳುಗಟ್ಟಲೆ ಗಲಭೆ ನಡೆದಾಗ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಜೀವಗಳು ಹೋದವು, ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ಕೂತು ವಿಚಾರಣೆ ಮಾಡಿತು. ಆಗಲೂ ಗಾಳಿಸುದ್ದಿ ಇತ್ತು, ಬಾಯಿಂದ ಬಾಯಿಗೆ ನಡೆದು ಹೋಗುತ್ತಿತ್ತು. ಹಾಗಾಗಿ ಕೇರಿಗಳ ನಡುವಿನ ಅಂತರ ಫೋನಿಗಿಂತ ಹಳೆಯದು. ಫೋನು ಬಂದ ಮೇಲೆ ಆದ ಬದಲಾವಣೆ ಎಂದರೆ, ಸುದ್ದಿಯ ಓಟ ಹೆಚ್ಚಿತು, ಅದರ ಜೊತೆಗೆ ನಡೆಯಬೇಕಾದ ವಿಚಾರಣೆ ಮಾತ್ರ ಹಿಂದೆ ಉಳಿಯಿತು. ದೇಶದ ಹಲವೆಡೆ ಇಂಥ ಸಂದೇಶಗಳನ್ನು ನಂಬಿ ಜನ ಹೊಡೆದು ಕೊಂದ ಮೇಲೆ, 2018ರ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ಮಿತಿ ಹಾಕಿತು. ಆ ಮಿತಿ ಏಳೆಂಟು ತಿಂಗಳು ಮೊದಲು ಇದ್ದಿದ್ದರೆ ಕುಮಟಾದ ಆ ಮಧ್ಯಾಹ್ನ ಹೇಗಿರುತ್ತಿತ್ತೋ ಎಂದು ಬಹಳ ಸಲ ಯೋಚಿಸಿದ್ದೇನೆ.

ಹಾಗೆಂದು ಈ ಊರುಗಳಲ್ಲಿ ಕೇರಿಯಿಂದ ಕೇರಿಗೆ ದಾರಿಯೇ ಇರಲಿಲ್ಲ ಎಂದೂ ಅಲ್ಲ. ಗಲಭೆಯ ಹೆಸರಿನಿಂದಲೇ ಹೊರಗಿನವರಿಗೆ ಪರಿಚಯವಾದ ಭಟ್ಕಳದಲ್ಲಿ ರಾಮನವಮಿಯ ಹೊತ್ತಿಗೆ ಚನ್ನಪಟ್ಟಣ ಹನುಮಂತ ದೇವರ ರಥೋತ್ಸವ ನಡೆಯುತ್ತದೆ. ತೇರು ಎಳೆಯುವ ಮುನ್ನ ದೇವಸ್ಥಾನದವರು ಊರಿನ ಹಳೆಯ ಮುಸ್ಲಿಂ ಮನೆತನದವರ ಮನೆ ಬಾಗಿಲಿಗೆ ಹೋಗಿ ಉತ್ಸವಕ್ಕೆ ಕರೆಯುವುದು ವಾಡಿಕೆ. ಕರೆಯೋಲೆ ಕಳಿಸಿದರೆ ಮುಗಿಯಿತು ಎಂಬ ಲೆಕ್ಕ ಅಲ್ಲಿಲ್ಲ. ನಡೆದು ಹೋಗಬೇಕು, ಆ ಮನೆಯವರು ಬರಮಾಡಿಕೊಳ್ಳಬೇಕು, ಕೂರಿಸಿ ಸತ್ಕರಿಸಬೇಕು. ಗಲಭೆಯ ವರ್ಷಗಳನ್ನು ದಾಟಿಯೂ ಈ ವಾಡಿಕೆ ಉಳಿದಿದೆ. ಟಿವಿಯವರು ಭಟ್ಕಳದ ಬಗ್ಗೆ ಗಂಟೆಗಟ್ಟಲೆ ಮಾತಾಡುವಾಗ ಇದನ್ನು ಒಂದು ನಿಮಿಷವಾದರೂ ತೋರಿಸಲಿ ಎಂಬುದು ನನ್ನ ಆಸೆ. ಭಟ್ಕಳ ಮಲ್ಲಿಗೆಯ ಕಥೆಯೂ ಇಂಥದ್ದೇ. ಯಾರದೋ ಹಿತ್ತಲಿನಲ್ಲಿ ಬೆಳಗಿನ ಜಾವ ಕೊಯ್ದ ಮೊಗ್ಗು ಇನ್ನೊಂದು ಧರ್ಮದವರ ಮದುವೆ ಮನೆಯಲ್ಲಿ ಸಂಜೆ ಅರಳುತ್ತದೆ. ಬೆಳೆದವರಿಗೆ ಕೊಂಡವರ ಮನೆಯಲ್ಲಿ ಯಾರ ಮದುವೆ ಎಂಬುದು ಗೊತ್ತಿರುತ್ತದೆ.

ಬುಟ್ಟಿ ಹೊತ್ತು ಮನೆಮನೆಗೆ ಬರುವ ಮೀನಿನ ಹೆಂಗಸರನ್ನು ಮರೆಯುವ ಹಾಗಿಲ್ಲ. ಕಾಸರಕೋಡ ಟೊಂಕದಿಂದಲೋ ಅಳ್ವೆಕೋಡಿಯಿಂದಲೋ ಬೆಳಿಗ್ಗೆ ಹೊರಡುವ ಅವರಿಗೆ ದಾರಿಯ ಪ್ರತಿ ಮನೆಯ ವರ್ತಮಾನ ಗೊತ್ತು. ಯಾವ ಮನೆಯ ಅಜ್ಜಿಗೆ ಮೈ ಸರಿಯಿಲ್ಲ, ಯಾರ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಯಾರ ಮಗ ಬೊಂಬಾಯಿಯಿಂದ ಇನ್ನೂ ಬರಲಿಲ್ಲ. ನಿನ್ನೆ ಹಾಕಿದ ಮೀನಿನ ದುಡ್ಡು ಇವತ್ತು ಕೊಡದಿದ್ದರೂ ‘ಇರ್ಲಿ ತಗಾ ಅಮ್ಮಾ’ ಎಂದು ಮುಂದೆ ಹೋಗುತ್ತಾರೆ. ಅವರು ಹೊತ್ತು ತಂದ ಸುದ್ದಿಗೆ ಅವರೇ ಜವಾಬ್ದಾರಿ. ಸುಳ್ಳಾದರೆ ನಾಳೆ ಅದೇ ಬಾಗಿಲಿಗೆ ಬರಬೇಕಲ್ಲ! ಫೋನಿನ ಸುದ್ದಿಗೆ ಇಲ್ಲದ್ದು ಈ ನಾಳೆಯ ಭಯ.

ಊರ ಕಡೆ ಮದುವೆ, ಉಪನಯನಕ್ಕೆ ಹೇಳಿಕೆ ಮಾಡುವ ಪದ್ಧತಿಯನ್ನು ಇತ್ತೀಚೆಗೆ ಬಹಳ ನೆನೆಯುತ್ತೇನೆ. ಮನೆಯ ಯಜಮಾನನೋ ಹಿರಿಯ ಮಗನೋ ಬೆಳಿಗ್ಗೆ ಆಸರಿಗೆ ಮುಗಿಸಿ ಹೊರಟರೆಂದರೆ ಅಂದು ಒಂದು ಕೇರಿ ಮುಗಿದರೆ ದೊಡ್ಡದು. ಪ್ರತಿ ಮನೆಯಲ್ಲೂ ಜಗಲಿ ಹತ್ತಬೇಕು. ‘ಆಸರಿಗೆ ಎಂತ ಆಗ್ತು?’ ಎಂದು ಒಳಗಿನಿಂದ ದನಿ ಬರುತ್ತದೆ. ಬೆಲ್ಲ ನೀರು ಬರುತ್ತದೆ, ಚಾ ಬರುತ್ತದೆ, ಬೇಡವೆಂದರೆ ಬೇಸರ. ಕವಳದ ಹರಿವಾಣ ಮುಂದೆ ಸರಿಯುತ್ತದೆ. ಎಲೆಯ ನಾರು ತೆಗೆದು, ಸುಣ್ಣ ಹಚ್ಚಿ, ಅಡಿಕೆ ಹೋಳು ಇಟ್ಟು ಬಾಯಿಗೆ ಹಾಕುವಷ್ಟರಲ್ಲಿ ಆ ಮನೆಯ ಒಂದು ವರ್ಷದ ಸಂಗತಿಯೆಲ್ಲ ಹೊರಬಂದಿರುತ್ತದೆ. ಕೊಳೆ ರೋಗಕ್ಕೆ ತೋಟ ಎಷ್ಟು ಹೋಯಿತು, ಕೊಟ್ಟಿಗೆಯಲ್ಲಿ ಈಗ ಎಷ್ಟು ದನ, ಮಗನಿಗೆ ಕೆಲಸ ಆಯಿತೋ ಇಲ್ಲವೋ. ಕೊನೆಗೆ ಎದ್ದು ನಿಂತು ಅಕ್ಷತೆ ಕೊಟ್ಟು ‘ಮನೆಮಂದಿಯೆಲ್ಲ ಮುಂಚಿನ ದಿನವೇ ಬರವು’ ಎನ್ನುವುದು. ಅಷ್ಟು ಹೊತ್ತು ಕೂತದ್ದು ಈ ಒಂದು ಮಾತಿಗಾಗಿ ಎಂದು ಮೇಲುನೋಟಕ್ಕೆ ಕಾಣುತ್ತದೆ. ನಿಜಕ್ಕೂ ಆ ಮಾತು ಒಂದು ನೆಪ, ಕೂತದ್ದೇ ಮುಖ್ಯ.

ಈಗ ಕರೆಯೋಲೆಯ ಚಿತ್ರ ಫೋನಿಗೆ ಬರುತ್ತದೆ, ಕೆಳಗೆ ‘ಇದನ್ನೇ ವೈಯಕ್ತಿಕ ಆಮಂತ್ರಣವೆಂದು ಭಾವಿಸಿ’ ಎಂಬ ಸಾಲು. ಸಮಯವಿಲ್ಲ ಎಂಬುದು ನಿಜ. ಮದುವೆ ಮಾಡುವವರು ಬೆಂಗಳೂರಿನಲ್ಲಿದ್ದಾರೆ, ರಜೆ ಸಿಗುವುದು ನಾಲ್ಕು ದಿನ, ಹೇಳಿಕೆಗೆ ಓಡಾಡುವ ಅಪ್ಪನಿಗೆ ಮಂಡಿನೋವು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಹೇಳಿಕೆ ನಿಂತದ್ದರಿಂದ ಏನು ಹೋಯಿತು ಎಂಬುದನ್ನು ಮಾತ್ರ ಲೆಕ್ಕ ಹಾಕಬೇಕು. ಹೇಳಿಕೆಗೆ ಹೋದವನು ತನಗೆ ಇಷ್ಟವಿಲ್ಲದ ಮನೆಗೂ ಹೋಗಬೇಕಿತ್ತು. ಗಡಿ ತಕರಾರಿನಲ್ಲಿ ಮಾತು ಬಿಟ್ಟ ದಾಯಾದಿಯ ಜಗಲಿಯನ್ನೂ ಹತ್ತಬೇಕಿತ್ತು. ಕೆಳಗಿನ ಕೇರಿಯ ನಾಯ್ಕರ ಮನೆಗೆ, ಹಾಲಕ್ಕಿ ಗೌಡರ ಕೊಪ್ಪಕ್ಕೆ, ಪೇಟೆಯ ಸಾಹೇಬರ ಅಂಗಡಿಗೂ ಒಂದು ಮಾತು ಹೇಳಿ ಬರಬೇಕಿತ್ತು. ಆ ನಡಿಗೆಯಲ್ಲಿ ಮೇಲುಕೀಳಿನ ಭೇದ ಅಳಿದಿತ್ತು ಎಂದು ನಾನು ಹೇಳುವುದಿಲ್ಲ. ಕೆಲವು ಮನೆಯಲ್ಲಿ ಜಗಲಿ, ಕೆಲವು ಮನೆಯಲ್ಲಿ ಅಂಗಳ, ಇನ್ನು ಕೆಲವರಿಗೆ ಬೇಲಿಯಾಚೆಯಿಂದಲೇ ಮಾತು, ಅದೆಲ್ಲ ಇತ್ತು, ಅದು ಹೋಗಬೇಕಾದ್ದೇ. ಆದರೂ ಮುಖ ಕಾಣುತ್ತಿತ್ತು. ಗ್ರೂಪಿನಲ್ಲಿ ಇಷ್ಟವಿಲ್ಲದವರನ್ನು ತೆಗೆದುಹಾಕಬಹುದು, ಬ್ಲಾಕ್ ಮಾಡಬಹುದು. ನಮಗೆ ಬೇಕಾದವರು, ನಮ್ಮಂತೆಯೇ ಮಾತಾಡುವವರು ಉಳಿಯುತ್ತಾರೆ. ಹಾಗೆ ಉಳಿದವರ ನಡುವೆಯೇ ದಿನ ಕಳೆದರೆ ಊರೆಲ್ಲ ನಮ್ಮಂತೆಯೇ ಯೋಚಿಸುತ್ತದೆ ಎಂಬ ಭ್ರಮೆ ಬೆಳೆಯುತ್ತದೆ.

ಇನ್ನು ಮನೆಯೊಳಗಿನ ಮಾತು. ಕುಮಟಾ, ಹೊನ್ನಾವರದ ಅಡಿಕೆ ಸೀಮೆಯ ಎಷ್ಟೋ ಮನೆಗಳಲ್ಲಿ ಈಗ ಇಬ್ಬರೇ ಮುದುಕರು. ಮಕ್ಕಳು ಬೆಂಗಳೂರಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಸಂಜೆ ಏಳಕ್ಕೆ ವಿಡಿಯೊ ಕಾಲ್ ಬರುತ್ತದೆ. ಮೊಮ್ಮಗಳು ಹಾಡು ಹೇಳುತ್ತಾಳೆ, ಅಜ್ಜ ಕನ್ನಡಕ ಸರಿಮಾಡಿಕೊಂಡು ಪರದೆಗೆ ಮುಖ ಒತ್ತಿ ಕೂರುತ್ತಾನೆ. ಆ ಅರ್ಧ ಗಂಟೆ ಅವರ ದಿನದ ಬೆಳಕು. ಅದನ್ನು ‘ನಕಲಿ’ ಎಂದು ಕರೆಯುವ ಎದೆಗಾರಿಕೆ ನನಗಿಲ್ಲ. ಆದರೆ ಫೋನಿನ ಬ್ಯಾಟರಿ ಕೆಟ್ಟಾಗ ಅದನ್ನು ಪೇಟೆಗೆ ಒಯ್ದು ಸರಿಮಾಡಿಸುವವನು ಪಕ್ಕದ ಮನೆಯ ಹುಡುಗ. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಾಗ ಮಗನಿಗೆ ಫೋನ್ ಹೋಗುತ್ತದೆ ನಿಜ, ಆದರೆ ಮಗ ತಿರುಗಿ ಫೋನ್ ಮಾಡುವುದು ಅದೇ ಪಕ್ಕದ ಮನೆಗೆ. ಜೀಪು ತರುವವರು, ಕುರ್ಚಿಯಲ್ಲಿ ಕೂರಿಸಿ ಕಾಲುದಾರಿಯಲ್ಲಿ ಹೊತ್ತು ರಸ್ತೆಗೆ ತರುವವರು ಕೇರಿಯವರು. ವಿದೇಶದಲ್ಲಿರುವ ಮಕ್ಕಳಿಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಊರಿಗೆ ಬಂದಾಗ ಅಪ್ಪ ಅಮ್ಮನಿಗೆ ಹೊಸ ಫೋನು ತನ್ನಿ, ಜೊತೆಗೆ ಪಕ್ಕದ ಮನೆಗೂ ಹೋಗಿ ಒಂದು ತಾಸು ಕೂತು ಬನ್ನಿ. ನಿಮ್ಮ ತಂದೆತಾಯಿಯ ಕ್ಷೇಮ ನಿಂತಿರುವುದು ಆ ಮನೆಯ ಮೇಲೆ.

ಭಟ್ಕಳದವರಿಗೆ ಈ ದೂರದ ಸಂಬಂಧ ನಮಗಿಂತ ಹಳೆಯ ಅನುಭವ. ಕೊಲ್ಲಿ ದೇಶಗಳಿಗೆ ಅಲ್ಲಿನ ನವಾಯತ ಮುಸ್ಲಿಂ ಯುವಕರು ಹೋಗತೊಡಗಿ ಅರ್ಧ ಶತಮಾನವೇ ಆಯಿತು. ಮೊದಲು ಪತ್ರ, ಆಮೇಲೆ ಎಸ್‌ಟಿಡಿ ಬೂತು, ಈಗ ಫೋನಿನೊಳಗಿನ ಕರೆ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ ವಾಟ್ಸ್‌ಆ್ಯಪ್ ಕರೆಗೆ ಅವಕಾಶವಿಲ್ಲದ್ದರಿಂದ ಬೋಟಿಮ್‌ನಂಥ ಬೇರೆ ಆ್ಯಪ್‌ಗಳು ಭಟ್ಕಳದ ಅಜ್ಜಿಯಂದಿರ ಫೋನಿನಲ್ಲೂ ಇವೆ. ಆದರೆ ಈ ಸಮುದಾಯ ತನ್ನ ಸಂಬಂಧವನ್ನು ಫೋನಿನ ಮೇಲೆ ಮಾತ್ರ ಬಿಟ್ಟಿಲ್ಲ. 1912ರಲ್ಲಿ ಹುಟ್ಟಿದ ಮಜ್ಲಿಸೆ ಇಸ್ಲಾಹ್ ವ ತಂಜೀಮ್, 1919ರ ಅಂಜುಮನ್ ಹಾಮಿಯೆ ಮುಸ್ಲಿಮೀನ್ ಸಂಸ್ಥೆಗಳು ಇಂದಿಗೂ ನಡೆಯುತ್ತಿವೆ. ಕೊಲ್ಲಿಯ ಊರುಗಳಲ್ಲೂ ಭಟ್ಕಳದವರ ಜಮಾತ್‌ಗಳಿವೆ. ಅಂದರೆ ಒಟ್ಟಿಗೆ ಕೂರುವ ಒಂದು ಕೋಣೆ, ಲೆಕ್ಕ ಇಡುವ ಒಂದು ಪುಸ್ತಕ, ಹೆಸರು ಹಿಡಿದು ಕೇಳುವ ಒಬ್ಬ ಹಿರಿಯ. ದೂರ ಹೋದ ಮೇಲೂ ಊರಿನ ಶಾಲೆ ನಡೆಯುವುದು ಇಂಥದ್ದರಿಂದ. ಇದನ್ನು ನೋಡಿ ಉಳಿದವರೂ ಕಲಿಯುವುದಿದೆ.

2022ರ ಆಗಸ್ಟ್ ಮೊದಲ ವಾರದಲ್ಲಿ ಭಟ್ಕಳದಲ್ಲಿ ಒಂದೇ ದಿನದಲ್ಲಿ 500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಪೇಟೆಯೊಳಗೆ ನೀರು ನುಗ್ಗಿತು. 2ರಂದು ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮಣ್ಣಿನಡಿ ಸಿಕ್ಕಿ ತೀರಿಕೊಂಡರು. ಆ ಹೊತ್ತಿನಲ್ಲಿ ಫೋನು ಮಾಡಿದ ಉಪಕಾರ ದೊಡ್ಡದು, ಯಾವ ರಸ್ತೆ ಮುಚ್ಚಿದೆ, ಎಲ್ಲಿ ದೋಣಿ ಬೇಕು ಎಂದು ಕ್ಷಣದಲ್ಲಿ ತಿಳಿಯುತ್ತಿತ್ತು. ಹಾರೆ ಹಿಡಿದು ಹೋದವರು ಮಾತ್ರ ಹತ್ತಿರ ಇದ್ದವರು. ಗುಡ್ಡದ ಯಾವ ಭಾಗದಲ್ಲಿ ಮನೆಯ ಅಡುಗೆಕೋಣೆ ಇತ್ತು, ಮನೆಯವರು ಎಲ್ಲಿ ಮಲಗುತ್ತಿದ್ದರು ಎಂಬುದು ಆ ಮನೆಗೆ ಹೋಗಿ ಬಂದು ಗೊತ್ತಿದ್ದವರಿಗೆ ಮಾತ್ರ ತಿಳಿದಿರುತ್ತದೆ. ಇಂಥ ತಿಳಿವಳಿಕೆ ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಆಕ್ಸ್‌ಫರ್ಡಿನ ಮಾನವಶಾಸ್ತ್ರಜ್ಞ ರಾಬಿನ್ ಡನ್ಬಾರ್ ಬಹಳ ವರ್ಷಗಳಿಂದ ಹೇಳುತ್ತ ಬಂದ ಮಾತೊಂದಿದೆ. ಒಬ್ಬ ಮನುಷ್ಯ ನಿಜವಾಗಿ ನಿಭಾಯಿಸಬಲ್ಲ ಸಂಬಂಧಗಳು ಸುಮಾರು 150. ಫೇಸ್‌ಬುಕ್ 5,000 ಸ್ನೇಹಿತರಿಗೆ ಜಾಗ ಕೊಡುತ್ತದೆ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರು ಬ್ರಿಟನ್ನಿನ ಫೇಸ್‌ಬುಕ್ ಬಳಕೆದಾರರನ್ನು ಕೇಳಿದ್ದರು, ಇಷ್ಟು ಜನರಲ್ಲಿ ದೊಡ್ಡ ಕಷ್ಟ ಬಂದಾಗ ನೀವು ನೆಚ್ಚಬಹುದಾದವರು ಎಷ್ಟು? ಸರಾಸರಿ ಉತ್ತರ, ನಾಲ್ಕು. ‘ಹೋಗುವಾಗ ಹೆಗಲು ಕೊಡಲು ನಾಲ್ಕು ಜನ ಬೇಕು’ ಎಂದು ನಮ್ಮ ಹಳಬರು ಯಾವ ಸಮೀಕ್ಷೆಯೂ ಇಲ್ಲದೆ ಹೇಳಿದ್ದು ನೆನಪಾಗಿ ಆ ಅಂಕಿ ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಒಂಟಿತನ ಈಗ ಆರೋಗ್ಯ ಇಲಾಖೆಗಳ ಚಿಂತೆಯೂ ಆಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್ 30ರಂದು ಹೊರತಂದ ವರದಿಯ ಪ್ರಕಾರ ಜಗತ್ತಿನ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ, ವರ್ಷಕ್ಕೆ 8,71,000ಕ್ಕೂ ಹೆಚ್ಚು ಸಾವುಗಳ ಹಿಂದೆ ಅದರ ನೆರಳಿದೆ. ಮುದುಕರಿಗಿಂತ ಹರೆಯದ ಮಕ್ಕಳಲ್ಲಿ ಅದು ಹೆಚ್ಚು ಎಂಬುದು ಆ ವರದಿಯಲ್ಲಿ ನನ್ನನ್ನು ಕಲಕಿದ ಸಂಗತಿ. ಇಡೀ ದಿನ ಫೋನಿನಲ್ಲಿ ಜೊತೆಗಿರುವವರೇ ಹೆಚ್ಚು ಒಂಟಿ! ಕಾಲೇಜು ಬಿಟ್ಟ ಮೇಲೆ ಹೊನ್ನಾವರದ ಬಸ್ ನಿಲ್ದಾಣದಲ್ಲಿ ನಿಂತು ನೋಡಿದರೆ ಇದು ಅರ್ಥವಾಗುತ್ತದೆ. ಒಂದೇ ಬೆಂಚಿನ ಮೇಲೆ ಐವರು ಹುಡುಗರು, ಐವರ ತಲೆಯೂ ಕೆಳಗೆ. ಗೇರುಸೊಪ್ಪೆಯ ಬಸ್ಸು ಬಂದದ್ದನ್ನು ಪಕ್ಕದವನೇ ತಟ್ಟಿ ಹೇಳಬೇಕು.

ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ಸೇರಲು ನಾವು ಎಷ್ಟು ಜಾಗ ಉಳಿಸಿದ್ದೇವೆ? ಲಾಕ್‌ಡೌನಿನ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಘಟ್ಟದ ಬುಡದ ಹಳ್ಳಿಗಳ ಮಕ್ಕಳು ನೆಟ್‌ವರ್ಕ್ ಸಿಗುವ ಗುಡ್ಡದ ನೆತ್ತಿಗೆ ಹತ್ತಿ, ತಾಡಪತ್ರೆಯ ಸೂರು ಕಟ್ಟಿಕೊಂಡು ಕೂರುತ್ತಿದ್ದರು. ಮನೆಮನೆಯಲ್ಲೂ ಸಿಗ್ನಲ್ ಸಿಕ್ಕಿದ್ದರೆ ಅವರು ಬೇರೆಬೇರೆಯಾಗಿ ಕೂರುತ್ತಿದ್ದರು. ಕಷ್ಟ ಅವರನ್ನು ಒಂದೇ ಸೂರಿನಡಿ ತಂದಿತ್ತು. ಅವರಿಗೆ ನೆಟ್‌ವರ್ಕ್ ಬೇಡ ಎಂದು ನಾನು ಹೇಳುತ್ತಿಲ್ಲ. ಪ್ರತಿ ಹಳ್ಳಿಗೂ ಟವರ್ ಬೇಕು, ಅದು ಅವರ ಹಕ್ಕು. ಟವರ್ ಬಂದ ಮೇಲೆ ಅವರು ಕೂಡಿ ಕೂರುವ ಜಾಗ ಯಾವುದು ಎಂಬ ಪ್ರಶ್ನೆಗೂ ಪಂಚಾಯಿತಿಯವರು, ಶಾಲೆಯವರು ಉತ್ತರ ಹುಡುಕಬೇಕು.

ಅಂಥ ಜಾಗಗಳು ನಮ್ಮಲ್ಲಿ ಇಲ್ಲದಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳ ಇಂದಿಗೂ ಗುಣವಂತೆಯಲ್ಲಿ ಹುಡುಗ ಹುಡುಗಿಯರಿಗೆ ಹೆಜ್ಜೆ ಕಲಿಸುತ್ತಿದೆ. ಮಸ್ಕತ್ತಿನಲ್ಲಿ ಕೂತವರು ಆಟವನ್ನು ಯೂಟ್ಯೂಬಿನಲ್ಲಿ ನೋಡಿ ಹೊಗಳುವುದು ಕಲೆಗೆ ಒಳ್ಳೆಯದೇ, ಕಲಾವಿದನ ಹೆಸರು ಬೆಳೆಯುತ್ತದೆ. ಆದರೆ ಚಂಡೆಯ ಪೆಟ್ಟಿಗೆ ಎದುರಿನ ಸಾಲಿನ ಮುಖ ಬೆಳಗುವುದನ್ನು ಕಂಡು ಕಲಾವಿದ ಮಾತನ್ನು ಅಲ್ಲೇ ಬೆಳೆಸುತ್ತಾನಲ್ಲ, ಅದಕ್ಕೆ ಎದುರಿಗೆ ಜನ ಬೇಕು. ಹೊನ್ನಾವರ ತಾಲೂಕಿನ ಕೆರೆಕೋಣದಲ್ಲಿ ಲೇಖಕ ಆರ್.ವಿ. ಭಂಡಾರಿಯವರ ನೆನಪಿನಲ್ಲಿ ನಡೆದುಬಂದ ‘ಸಹಯಾನ’ ಇನ್ನೊಂದು. ಹಳ್ಳಿಯೊಂದರ ಮನೆಯಂಗಳದಲ್ಲಿ ರಾಜ್ಯದ ಲೇಖಕರು, ಶಾಲೆಯ ಮಕ್ಕಳು, ಊರ ರೈತರು ಕೂತು ದಿನವಿಡೀ ಮಾತಾಡುವ ಸಾಹಿತ್ಯೋತ್ಸವ. ಅದನ್ನು ಹೆಗಲ ಮೇಲೆ ಹೊತ್ತಿದ್ದ ಅವರ ಮಗ ವಿಠ್ಠಲ ಭಂಡಾರಿಯವರನ್ನು 2021ರ ಮೇ ತಿಂಗಳಲ್ಲಿ ಕೊರೊನಾ ಒಯ್ದಿತು. ಎಲ್ಲರನ್ನೂ ಅಂಗಳಕ್ಕೆ ಕರೆಯುತ್ತಿದ್ದ ಮನುಷ್ಯನನ್ನು ಕಳಿಸಿಕೊಡಲು ಜನ ಸೇರುವಂತಿಲ್ಲದ ಕಾಲ ಅದು. ಆ ದಿನಗಳಲ್ಲಿ ಫೇಸ್‌ಬುಕ್ಕಿನಲ್ಲಿ ಅವರ ಬಗ್ಗೆ ಬಂದ ಸಾಲುಗಳನ್ನು ಓದಿದವರಿಗೆ ಗೊತ್ತು, ಅಲ್ಲಿ ಬರೆದವರೆಲ್ಲ ಅವರೊಡನೆ ಎಲ್ಲಾದರೂ ಒಮ್ಮೆ ಕೂತು ಊಟ ಮಾಡಿದವರು.

ಕುಮಟಾದ ಅಘನಾಶಿನಿ ಹೊಳೆಯ ಬಾಯಲ್ಲಿ ಗಜನಿ ಭೂಮಿಯಿದೆ. ಸಮುದ್ರದ ಉಪ್ಪುನೀರು ಏರಿ ಇಳಿಯುವ ಆ ತಗ್ಗಿನಲ್ಲಿ ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ನೆರೆಗೂ ಉಪ್ಪಿಗೂ ಜಗ್ಗದ ಈ ತಳಿಯನ್ನು ಮಾಣಿಕಟ್ಟಾದಲ್ಲಿ ರೈತರು ಒಟ್ಟಾಗಿ ಬಿತ್ತುತ್ತಾರೆ. ಒಡ್ಡು ಒಂದು ಕಡೆ ಒಡೆದರೆ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುತ್ತದೆ. ಹಾಗಾಗಿ ಪಕ್ಕದ ಗದ್ದೆಯವನ ಮೇಲೆ ಎಷ್ಟೇ ಸಿಟ್ಟಿದ್ದರೂ ಅವನ ಜೊತೆ ಮಾತು ಬಿಡುವಂತಿಲ್ಲ. ಪ್ರೀತಿ ಇದ್ದಾಗಷ್ಟೇ ಸಂಬಂಧ ಎಂದು ಈಗಿನ ಸ್ನೇಹದ ಪುಸ್ತಕಗಳು ಹೇಳುತ್ತವೆ. ಗಜನಿಯ ರೈತರಿಗೆ ಮೊದಲು ಒಡ್ಡು, ಪ್ರೀತಿ ಆಮೇಲೆ. ಬೇಕೋ ಬೇಡವೋ ಒಬ್ಬರನ್ನೊಬ್ಬರು ಕಾಣಲೇಬೇಕಾದ ಕೆಲಸ ಇದ್ದಲ್ಲಿ ಸಂಬಂಧ ಉಳಿಯುತ್ತದೆ. ಅಂಥ ಕೆಲಸಗಳು ಕಡಿಮೆಯಾದಷ್ಟೂ ನಾವು ನಮ್ಮ ನಮ್ಮ ಗ್ರೂಪುಗಳೊಳಗೆ ಸೇರಿಕೊಳ್ಳುತ್ತಿದ್ದೇವೆ. ಕೆರೆಯ ಹೂಳು, ಶಾಲೆಯ ಮಾಡು, ಊರ ಗ್ರಂಥಾಲಯ, ಆಸ್ಪತ್ರೆಯ ಹೋರಾಟ, ಯಾವುದಾದರೂ ಒಂದು ಕೆಲಸಕ್ಕೆ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕುಗಳಲ್ಲಿ ಎಲ್ಲ ಕೇರಿಯವರು ಒಟ್ಟಿಗೆ ಕೈಹಾಕದೆ ಬೇರೆ ದಾರಿ ನನಗಂತೂ ಕಾಣುತ್ತಿಲ್ಲ.

ಭಟ್ಕಳದಿಂದ ಕುಮಟಾಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಈ ಪುಟ್ಟ ಪಟ್ಟಿಯೊಳಗೆ ನೂರಾರು ಗ್ರೂಪುಗಳಿವೆ, ಪ್ರತಿಯೊಂದಕ್ಕೂ ಅಡ್ಮಿನ್ ಇದ್ದಾರೆ. ಅವರಲ್ಲಿ ಮತ್ತು ಓದುಗರಾದ ನಿಮ್ಮಲ್ಲಿ ನನ್ನ ವಿನಂತಿ ಒಂದೇ. ಇನ್ನೊಂದು ಕೇರಿಯ ಬಗ್ಗೆ ರಕ್ತ ಕುದಿಸುವಂಥ ಸಂದೇಶ ಬಂದಾಗ ಮುಂದಕ್ಕೆ ಕಳಿಸುವ ಮೊದಲು ಆ ಕೇರಿಯಲ್ಲಿ ನಿಮಗೆ ಗೊತ್ತಿರುವ ಒಬ್ಬರಿಗೆ ಫೋನ್ ಮಾಡಿ ಕೇಳಿ. ಹಾಗೆ ಕೇಳಲು ನಿಮ್ಮ ಫೋನಿನಲ್ಲಿ ಒಬ್ಬರ ನಂಬರೂ ಇಲ್ಲದಿದ್ದರೆ, ಸಂದೇಶ ಬರುವವರೆಗೆ ಕಾಯಬೇಡಿ. ಈ ವಾರವೇ ಆ ಕಡೆ ಒಮ್ಮೆ ಹೋಗಿ, ಒಬ್ಬರ ಅಂಗಡಿಯ ಮುಂದೆ ಕೂತು ಚಾ ಕುಡಿದು ಬನ್ನಿ.